ಮೊದಲ ಸ್ಕ್ಯಾನ್ ತೆರೆಯುವ ಮುನ್ನ

ಪುಟ್ಟಿ, ಸ್ಕ್ಯಾನ್ ಚಿತ್ರಗಳ ತಂತ್ರಾಂಶ ಐಟಿಕೆಯ ಕೈಪಿಡಿಯ ದಪ್ಪ ನೋಡಿಯೇ ಕೈಕಾಲು ತಣ್ಣಗಾಯಿತು ಎಂದೆಯಲ್ಲ. ಸದ್ಯಕ್ಕೆ ಅದನ್ನು ಮುಚ್ಚಿಡು. ಸಿ ಪ್ಲಸ್ ಪ್ಲಸ್ ಕೂಡ ಈಗಲೇ ಬೇಡ. ಸಿಂಪಲ್‌ಐಟಿಕೆ ಹಾಕಿಕೊ, ನಿನಗೆ ಬರುವ ಪೈಥಾನ್ ಸಾಕು. ಒಳಗೆ ದುಡಿಯುವುದು ಅದೇ ಐಟಿಕೆ. ಮಾಡಿದ್ದನ್ನು ಕಣ್ಣಾರೆ ನೋಡಲು ಪಕ್ಕದಲ್ಲಿ ತ್ರೀಡಿ ಸ್ಲೈಸರ್ ಇರಲಿ. ಎರಡಕ್ಕೂ ಕಾಸು ಕೊಡಬೇಕಿಲ್ಲ.

ಐಟಿಕೆ ಹುಟ್ಟಿದ ಬಗೆ ನಿನಗೆ ಗೊತ್ತಿರಬೇಕು. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1994ರಲ್ಲಿ, ದೇಹದಾನ ಮಾಡಿದ್ದ ಗಂಡಸೊಬ್ಬನ ಶರೀರವನ್ನು ಅಡಿಯಿಂದ ಮುಡಿಯವರೆಗೆ ಮಿಲಿಮೀಟರಿಗೊಂದರಂತೆ ತೆಗೆದ ಚಿತ್ರಗಳಲ್ಲಿ ಹೊರತಂದಿತು, ಮರುವರ್ಷ ಹೆಂಗಸೊಬ್ಬಳದು. ಅಂಥ ಚಿತ್ರಗಳಲ್ಲಿ ಒಂದೊಂದು ಅಂಗವನ್ನೂ ಬೇರ್ಪಡಿಸಲು, ಒಂದು ಸ್ಕ್ಯಾನನ್ನು ಇನ್ನೊಂದರ ಮೇಲೆ ಹೊಂದಿಸಿ ಕೂರಿಸಲು ಎಲ್ಲರಿಗೂ ಸಿಗುವ ತಂತ್ರಾಂಶ ಬೇಕೆಂದು 1999ರಲ್ಲಿ ಐಟಿಕೆಯ ಕೆಲಸ ಶುರುವಾಯಿತು.

ನಾನು ಒತ್ತಿ ಹೇಳಬೇಕಾದ್ದು ಒಂದೇ. ಸ್ಕ್ಯಾನ್ ಎಂದರೆ ಬರೀ ಅಂಕಿಗಳ ರಾಶಿ ಎಂದುಕೊಳ್ಳಬೇಡ. ಮೊದಲ ಚುಕ್ಕಿ ಎಲ್ಲಿದೆ, ಚುಕ್ಕಿಯಿಂದ ಚುಕ್ಕಿಗೆ ಎಷ್ಟು ಮಿಲಿಮೀಟರ್, ಸಾಲುಗಳು ದೇಹದ ಯಾವ ಕಡೆಗೆ ಸಾಗುತ್ತವೆ ಎಂಬುದನ್ನೂ ಅದು ಹೊತ್ತು ತರುತ್ತದೆ. ಒರಿಜಿನ್, ಸ್ಪೇಸಿಂಗ್, ಡೈರೆಕ್ಷನ್. ಫೈಲ್ ತೆರೆದ ಕೂಡಲೇ ಈ ಮೂರನ್ನು ಪ್ರಿಂಟ್ ಮಾಡಿ ನೋಡು. ಫಿಲ್ಟರುಗಳೆಲ್ಲ ಆಮೇಲೆ.

ನೋಡದೆ ನಾನು ಕೆಟ್ಟಿದ್ದೇನೆ. ಹೊಟ್ಟೆಯ ಸಿಟಿಯೊಂದನ್ನು ನಂಪೈ ಅರೇ ಮಾಡಿ, ಗಡ್ಡೆ ಗುರುತಿಸಿ, ಮತ್ತೆ ಚಿತ್ರಕ್ಕೆ ತಿರುಗಿಸಿದೆ. ಹಾಗೆ ತಿರುಗಿಸುವಾಗ ಸ್ಪೇಸಿಂಗ್ ಉದುರಿಹೋಗಿ ಮೂರು ದಿಕ್ಕಿಗೂ 1 ಎಂದು ಕೂತುಬಿಡುತ್ತದೆ. ನಿಜವಾದದ್ದು 0.7, 0.7, 5. ಗುಣಿಸಿ ನೋಡು, ಒಂದೊಂದು ಚುಕ್ಕಿಯೂ 2.45 ಘನ ಮಿಲಿಮೀಟರ್. 10,000 ಚುಕ್ಕಿಗಳ ಗಡ್ಡೆ 24.5 ಮಿಲಿಲೀಟರ್ ಆಗಬೇಕಿತ್ತು. ನನ್ನ ವರದಿಯಲ್ಲಿ 10 ಎಂದಿತ್ತು. "ಇಷ್ಟು ಚಿಕ್ಕದಾಗಿರಲು ಸಾಧ್ಯವೇ ಇಲ್ಲ, ಇನ್ನೊಮ್ಮೆ ನೋಡಿ" ಎಂದು ರೇಡಿಯಾಲಜಿಸ್ಟ್ ಒಬ್ಬರು ತಡೆದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂಲ ಚಿತ್ರದಿಂದ ಆ ಮೂರನ್ನೂ ನಕಲಿಸುವ ಕಾಪಿಇನ್‌ಫರ್ಮೇಷನ್ ಎಂಬ ಒಂದೇ ಒಂದು ಸಾಲು ಬಿಟ್ಟಿದ್ದೆ, ಅಷ್ಟೇ. ಇನ್ನೊಂದು, ಅಕ್ಷಗಳ ಸರದಿಯೂ ಅಲ್ಲಿ ತಿರುಗುಮುರುಗು: ಐಟಿಕೆಗೆ ಎಕ್ಸ್, ವೈ, ಝಡ್, ನಂಪೈಗೆ ಝಡ್, ವೈ, ಎಕ್ಸ್.

ಅಂಗಗಳಿಗೆ ನಂಬರು ಕೊಟ್ಟ ಲೇಬಲ್ ಚಿತ್ರವನ್ನು ಹಿಗ್ಗಿಸುವಾಗ ನಿಯರೆಸ್ಟ್ ನೇಬರ್ ಬಿಟ್ಟು ಲೀನಿಯರ್ ಹಾಕಬೇಡ. ಪಿತ್ತಕೋಶ 1, ಗುಲ್ಮ 2, ಯಕೃತ್ತು 3 ಎಂದು ಕೊಟ್ಟಿದ್ದರೆ, ಪಿತ್ತಕೋಶವೂ ಯಕೃತ್ತೂ ತಾಗುವ ಗೆರೆಯುದ್ದಕ್ಕೂ 1 ಮತ್ತು 3ರ ನಡುವಿನ 2 ಬಂದು, ಇಲ್ಲದ ಗುಲ್ಮ ಮೂಡುತ್ತದೆ.

ಅಭ್ಯಾಸಕ್ಕೆಂದು ಆಸ್ಪತ್ರೆಯ ಫೈಲುಗಳನ್ನು ಮನೆಗೆ ತರಬೇಡಮ್ಮ. ಡೈಕಾಮ್ ಫೈಲಿನೊಳಗೆ ರೋಗಿಯ ಹೆಸರು, ಹುಟ್ಟಿದ ದಿನ ಎಲ್ಲ ಇರುತ್ತದೆ. ನಿನ್ನ ಮಂಡಿಗೆ ಮಾಡಿಸಿದ ಎಂಆರ್‌ಐ ಸಿಡಿ ಅಮ್ಮನ ಬೀರುವಿನಲ್ಲೇ ಇದೆಯಲ್ಲ, ಅದನ್ನು ತೆರೆ. ಭಾನುವಾರ ಊಟಕ್ಕೆ ಬಂದಾಗ ಅದರ ಸ್ಪೇಸಿಂಗ್ ಎಷ್ಟು ಅಂತ ನನಗೆ ಹೇಳು.