ಮಣ್ಣಿನ ಏರಿ ಒಡೆಯುವುದೇಕೆ?

ನಮ್ಮ ತರಗತಿಯ ವಿದ್ಯಾರ್ಥಿಗಳಿಗೆ ನಾವು ಪ್ರತಿವರ್ಷವೂ ಒಂದು ಪ್ರಶ್ನೆಯನ್ನು ಹಾಕುವುದುಂಟು. ಒಂದೇ ಎತ್ತರದ, ಒಂದೇ ಉದ್ದದ ಎರಡು ಏರಿಗಳಿವೆಯೆಂದು ಭಾವಿಸೋಣ. ಒಂದರ ಹಿಂದೆ ನೀರು ನೂರು ಮೀಟರುಗಳಷ್ಟು ದೂರ ಮಾತ್ರ ನಿಂತಿದೆ. ಇನ್ನೊಂದರ ಹಿಂದೆ ಹತ್ತು ಕಿಲೋಮೀಟರುಗಳವರೆಗೆ ಹರಡಿದೆ. ಏರಿಯ ಬಳಿ ನೀರಿನ ಆಳ ಎರಡರಲ್ಲಿಯೂ ಒಂದೇ. ಯಾವ ಏರಿಯ ಮೇಲೆ ನೀರಿನ ನೂಕುಬಲ ಹೆಚ್ಚು? ದೊಡ್ಡ ಕೆರೆಯದೇ ಹೆಚ್ಚೆಂದು ಬಹುಮಂದಿ ತಡವಿಲ್ಲದೆ ಉತ್ತರಕೊಡುತ್ತಾರೆ. ಉತ್ತರ ತಪ್ಪು. ನಿಂತ ನೀರಿನ ಒತ್ತಡವು ಆಳವನ್ನು ಅನುಸರಿಸುತ್ತದೆಯೇ ಹೊರತು ನೀರು ಎಷ್ಟು ದೂರ ಹರಡಿದೆಯೆಂಬುದನ್ನಲ್ಲ. ಆದಕಾರಣ ಎರಡು ಏರಿಗಳ ಮೇಲೂ ನೂಕುಬಲ ಸಮವಾಗಿರುತ್ತದೆ.

ಈ ಬಲವೆಷ್ಟೆಂಬುದನ್ನು ಲೆಕ್ಕಮಾಡಿ ನೋಡೋಣ. ನೀರಿನ ಆಳ 20 ಮೀಟರ್ ಇರಲಿ. ಮೇಲ್ಮೈಯಲ್ಲಿ ಒತ್ತಡ ಸೊನ್ನೆ. ತಳದಲ್ಲಿ ಚದರ ಮೀಟರಿಗೆ 20 ಟನ್. ಸರಾಸರಿ 10 ಟನ್. ಏರಿಯ ಉದ್ದದ ಪ್ರತಿಯೊಂದು ಮೀಟರಿನ ಮೇಲೂ ಬೀಳುವ ಅಡ್ಡನೂಕು 10 × 20, ಎಂದರೆ 200 ಟನ್. ಸಣ್ಣ ಬಲವೇನಲ್ಲ. ಆದರೆ ಇದಕ್ಕೆ ಎದುರಾಗಿ ನಿಂತಿರುವುದು ಏನು? ನೆತ್ತಿಯಲ್ಲಿ 4 ಮೀಟರ್ ಅಗಲವಿದ್ದು, ಇಕ್ಕೆಲದಲ್ಲಿಯೂ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರಿನಂತೆ ಇಳಿಜಾರಾದ ಏರಿಯ ಬುಡ 84 ಮೀಟರ್ ಅಗಲವಾಗುತ್ತದೆ. ಅಡ್ಡಕೊಯ್ತದ ಕ್ಷೇತ್ರಫಲ 880 ಚದರ ಮೀಟರ್. ಗಟ್ಟಿಸಿದ ಮಣ್ಣಿನ ತೂಕ ಘನಮೀಟರಿಗೆ ಸುಮಾರು 2 ಟನ್ ಎಂದಿಟ್ಟುಕೊಂಡರೆ, ಏರಿಯ ಒಂದು ಮೀಟರ್ ಉದ್ದದ ತೂಕ ಸುಮಾರು 1,760 ಟನ್. ಮಣ್ಣಿನೊಳಗೆ ಸೇರಿದ ನೀರು ಈ ತೂಕದ ಒಂದು ಪಾಲನ್ನು ಹೊರುತ್ತದೆಂಬುದು ನಿಜ. ಆದರೂ 200 ಟನ್ನಿನ ನೂಕು ಇಂಥ ಗುಡ್ಡೆಯನ್ನು ಜಾರಿಸಲಾರದು.

ಹಾಗಾದರೆ ಮಣ್ಣಿನ ಏರಿಗಳು ಒಡೆಯುವುದೇಕೆ? ನೀರು ಏರಿಯನ್ನು ತಳ್ಳಿ ಕೆಡವುವುದಿಲ್ಲ. ಕಣಕಣವಾಗಿ ಹೊತ್ತು ಒಯ್ಯುತ್ತದೆ. ಇದಕ್ಕೆ ಅದು ಒಂದೋ ನೆತ್ತಿಯ ಮೇಲೆ ಹರಿಯಬೇಕು, ಇಲ್ಲವೆ ಒಡಲೊಳಗೆ ದಾರಿಮಾಡಿಕೊಳ್ಳಬೇಕು.

ಮೊದಲನೆಯ ಬಗೆಗೆ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಏರಿಗಿಂತ ತಿಳಿಯಾದ ಉದಾಹರಣೆ ನಮಗೆ ತಿಳಿದಿಲ್ಲ. ಕಾಲುವೆಯ ದೋಣಿಸಂಚಾರಕ್ಕೆ ನೀರೊದಗಿಸಲೆಂದು ಆ ರಾಜ್ಯದ ಸರ್ಕಾರವೇ ಕಟ್ಟಿಸಿ 1853ರಲ್ಲಿ ಮುಗಿಸಿದ ಏರಿ ಅದು. ಎತ್ತರ ಸುಮಾರು 22 ಮೀಟರ್, ಉದ್ದ ಸುಮಾರು 284 ಮೀಟರ್. ರೈಲು ಬಂದೊಡನೆ ಕಾಲುವೆ ಮೂಲೆಗೆ ಬಿದ್ದಿತು. ಏರಿ ಕೈಯಿಂದ ಕೈಗೆ ಮಾರಾಟವಾಗಿ, 1862ರಲ್ಲಿ ಒಮ್ಮೆ ಒಡೆದು, ಬಹುಕಾಲ ಪಾಳುಬಿದ್ದಿದ್ದಿತು. 1879ರಲ್ಲಿ ಪಿಟ್ಸ್‌ಬರ್ಗ್ ನಗರದ ಧನಿಕರ ಮೀನುಬೇಟೆಯ ಕ್ಲಬ್ಬಿಗಾಗಿ ಅದನ್ನು ಕೊಳ್ಳಲಾಯಿತು. ಉಕ್ಕಿನ ಉದ್ಯಮದ ಕಾರ್ನೆಗಿ, ಕಲ್ಲಿದ್ದಲು ವ್ಯಾಪಾರದ ಫ್ರಿಕ್ ಮೊದಲಾದವರು ಆ ಕ್ಲಬ್ಬಿನ ಸದಸ್ಯರು. ಬೇಸಗೆಯಲ್ಲಿ ದೋಣಿವಿಹಾರ ಮಾಡುವುದು, ಮೀನು ಹಿಡಿಯುವುದು, ದಡದ ಮನೆಗಳಲ್ಲಿ ತಂಪಾಗಿ ಕಾಲಕಳೆಯುವುದು ಅವರ ಉದ್ದೇಶ. ಸರೋವರದಿಂದ ಕಣಿವೆಯಗುಂಟ ಸುಮಾರು 22 ಕಿಲೋಮೀಟರ್ ಕೆಳಗೆ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿದ್ದಿತು.

ನಮ್ಮ ಹಳ್ಳಿಯ ಕೆರೆಯನ್ನು ಗಮನಿಸಿದವರಿಗೆ ತೂಬು, ಕೋಡಿ ಎಂಬ ಎರಡು ಅಂಗಗಳು ಹೊಸವಲ್ಲ. ತೂಬು ತಳದಿಂದ ನೀರನ್ನು ಬೇಕಾದಾಗ ಬಿಡುವ ದ್ವಾರ. ಕೋಡಿ, ಕೆರೆ ತುಂಬಿದಮೇಲೆ ಹೆಚ್ಚಿನ ನೀರು ಏರಿಯನ್ನು ಮುಟ್ಟದೆ ಹೊರಹೋಗುವ ಹಾದಿ. ಸೌತ್ ಫೋರ್ಕಿನಲ್ಲಿಯೂ ಇವೆರಡೂ ಇದ್ದುವು. ತಳದಲ್ಲಿದ್ದ ಎರಕಹೊಯ್ದ ಕಬ್ಬಿಣದ ಐದು ಕೊಳವೆಗಳನ್ನು ಕ್ಲಬ್ಬು ಬರುವ ಮೊದಲೇ ಕಿತ್ತು ಗುಜರಿಗೆ ಮಾರಿಬಿಡಲಾಗಿದ್ದಿತು. ಕ್ಲಬ್ಬಿನವರು ಏರಿಯನ್ನು ದುರಸ್ತುಮಾಡಿದರು, ಆದರೆ ಕೊಳವೆಗಳನ್ನು ಮತ್ತೆ ಹಾಕಲಿಲ್ಲ. ತೂಬಿಲ್ಲದ ಕೆರೆಯನ್ನು ಮಳೆಗೆ ಮುಂಚೆ ತಗ್ಗಿಸುವ ಉಪಾಯವಿಲ್ಲ. ಸೋರಿಕೆ ಕಂಡರೆ ಬರಿದುಮಾಡಿ ಸರಿಪಡಿಸುವ ಉಪಾಯವೂ ಇಲ್ಲ. ಬೆಲೆಕೊಟ್ಟು ತಂದು ಬಿಟ್ಟ ಮೀನುಗಳು ಹೊರಗೆ ಹೋಗದಿರಲೆಂದು ಕೋಡಿಗೆ ಅಡ್ಡವಾಗಿ ಕಬ್ಬಿಣದ ಜಾಲರಿಗಳನ್ನು ನಿಲ್ಲಿಸಿದರು. ನೆತ್ತಿಯ ಮೇಲೆ ಸಾರೋಟುಗಳು ಸರಾಗವಾಗಿ ಓಡಾಡುವಂತೆ, ಏರಿಯನ್ನು ಹೆಚ್ಚುಕಡಮೆ 90 ಸೆಂಟಿಮೀಟರ್ ಕೆತ್ತಿ ಅಗಲಮಾಡಿದರು.

ಈ 90 ಸೆಂಟಿಮೀಟರ್ ಅಲ್ಪವೆಂದು ತೋರಬಹುದು. ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕೆಂದು ಕೋರುತ್ತೇವೆ. ಕೋಡಿಯ ಮೇಲೆ ಹರಿಯುವ ನೀರಿನ ದಪ್ಪ h ಆಗಿರಲಿ. ಹರಿವಿನ ಅಡ್ಡಕೊಯ್ತ hಗೆ ಅನುಪಾತದಲ್ಲಿದೆ. ವೇಗವು hನ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಆದುದರಿಂದ ಸೆಕೆಂಡಿಗೆ ಹೊರಹೋಗುವ ನೀರು hನ ಒಂದೂವರೆಯ ಘಾತವನ್ನು ಅನುಸರಿಸುತ್ತದೆ. ಕೋಡಿಯ ತಳದಿಂದ ಏರಿಯ ನೆತ್ತಿಗೆ 3 ಮೀಟರ್ ಇದ್ದುದನ್ನು 2 ಮೀಟರಿಗೆ ಇಳಿಸಿದೆವೆನ್ನಿ. ಎತ್ತರ ಮೂರರಲ್ಲೊಂದು ಪಾಲು ತಗ್ಗಿದರೂ ಕೋಡಿಯ ಸಾಮರ್ಥ್ಯ ನೂರಕ್ಕೆ ಸುಮಾರು 54ಕ್ಕೆ, ಎಂದರೆ ಅರ್ಧದ ಸಮೀಪಕ್ಕೆ ಕುಸಿಯುತ್ತದೆ. ಏರಿಯಿಂದ ಮಣ್ಣು ತೆಗೆದವರು ಕೋಡಿಯನ್ನು ಮುಟ್ಟಿಯೇ ಇಲ್ಲ, ಆದರೂ ಅದನ್ನು ಕಿರಿದುಮಾಡಿದ್ದಾರೆ!

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಜಾನ್ಸ್‌ಟೌನಿನ ಕೇಂಬ್ರಿಯಾ ಕಬ್ಬಿಣದ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್ 1880ರಲ್ಲಿ ಜಾನ್ ಫುಲ್ಟನ್ ಎಂಬ ತನ್ನ ಎಂಜಿನಿಯರನ್ನು ಕಳುಹಿಸಿ ಏರಿಯನ್ನು ಪರೀಕ್ಷೆಮಾಡಿಸಿದನು. ನೀರು ಬಿಡಲು ಕೊಳವೆಯಿಲ್ಲ, ಒಂದೆಡೆ ಸೋರಿಕೆಯಿದೆ ಎಂದು ಫುಲ್ಟನ್ ವರದಿ ಮಾಡಿದನು. ಸರಿಪಡಿಸುವ ಖರ್ಚಿನಲ್ಲಿ ಪಾಲು ಕೊಡುವುದಾಗಿಯೂ ಮೊರೆಲ್ ಬರೆದನು. ನಿಮಗಾಗಲಿ ನಿಮ್ಮ ಜನಕ್ಕಾಗಲಿ ನಮ್ಮಿಂದ ಅಪಾಯವಿಲ್ಲವೆಂದು ಕ್ಲಬ್ಬಿನ ಅಧ್ಯಕ್ಷ ಉತ್ತರಿಸಿದನು. ಮಾತು ಅಲ್ಲಿಗೇ ನಿಂತಿತು.

1889ರ ಮೇ 30ರ ರಾತ್ರಿ ಭಾರಿ ಮಳೆ ಹಿಡಿಯಿತು. 31ರ ಬೆಳಗ್ಗೆ ಸರೋವರ ಕಣ್ಣೆದುರಿಗೇ ಏರುತ್ತಿದ್ದಿತು. ಕೂಲಿಗಳು ನೆತ್ತಿಯ ಮೇಲೆ ಮಣ್ಣನ್ನು ಒಟ್ಟಿದರು. ಪಕ್ಕದಲ್ಲಿ ಹೊಸ ಕೋಡಿಯನ್ನು ಅಗೆಯತೊಡಗಿದರು. ಕಸಕಡ್ಡಿ ತುಂಬಿದ ಜಾಲರಿಗಳನ್ನು ತೆಗೆಯಹೋದರು. ಯಾವುದೂ ಸಾಲಲಿಲ್ಲ. ಮಧ್ಯಾಹ್ನದ ವೇಳೆಗೆ ನೀರು ನೆತ್ತಿಯ ಮೇಲೆ ಹರಿಯಿತು. ಕೆಳಗಿನ ಊರುಗಳಿಗೆ ತಂತಿ ಹೋಯಿತು. ಆದರೆ ಏರಿ ಒಡೆಯುತ್ತದೆಂಬ ಸುದ್ದಿಯನ್ನು ಹಿಂದಿನ ಮಳೆಗಾಲಗಳಲ್ಲಿಯೂ ಕೇಳಿ ಬೇಸತ್ತಿದ್ದ ಜನ ಅದನ್ನು ಲಕ್ಷಿಸಲಿಲ್ಲ. ಸುಮಾರು ಮೂರು ಗಂಟೆಗೆ ಏರಿ ಒಡೆಯಿತು.

ನೆತ್ತಿಯ ಮೇಲೆ ಹರಿದ ನೀರಿಗೆ ಮೂರು ಗಂಟೆಗಳ ಕಾಲ ಹಿಡಿದುದೇಕೆ, ಆಮೇಲೆ ಎಲ್ಲವೂ ಕ್ಷಣಗಳಲ್ಲಿ ಮುಗಿದುದೇಕೆ? ಹರಿವ ನೀರು ಒಂದು ಕಲ್ಲನ್ನು ನೂಕುವ ಬಲ ವೇಗದ ವರ್ಗಕ್ಕೂ ಕಲ್ಲಿನ ಅಗಲದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಕಲ್ಲಿನ ತೂಕವಾದರೋ ಅಗಲದ ಘನಕ್ಕೆ. ಎರಡನ್ನೂ ಸಮಮಾಡಿದರೆ, ನೀರು ಉರುಳಿಸಬಲ್ಲ ಕಲ್ಲಿನ ಅಗಲ ವೇಗದ ವರ್ಗದಂತೆಯೂ, ಅದರ ತೂಕ ವೇಗದ ಆರನೆಯ ಘಾತದಂತೆಯೂ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ 64 ಪಾಲು ಭಾರದ ಕಲ್ಲು ಉರುಳುತ್ತದೆ. ಮೊದಮೊದಲು ತೆಳ್ಳನೆಯ ನೀರು ಹೊರಮೈಯನ್ನು ಸವೆಯಿಸುತ್ತದೆ. ಒಂದೆಡೆ ತಗ್ಗು ಬಿದ್ದರೆ ಅಲ್ಲಿ ದಪ್ಪ ಹೆಚ್ಚುತ್ತದೆ. ದಪ್ಪ ಹೆಚ್ಚಿದಷ್ಟೂ ಹರಿವು, ಹರಿವು ಹೆಚ್ಚಿದಷ್ಟೂ ಕೊರೆತ, ಕೊರೆತದಿಂದ ಮತ್ತಷ್ಟು ತಗ್ಗು. ಒಂದು ಹಂತವನ್ನು ದಾಟಿದಮೇಲೆ ಗುದ್ದಲಿ ಹಿಡಿದವನಿಗೆ ಅಲ್ಲಿ ಕೆಲಸವಿಲ್ಲ.

ಈಗ ತರಗತಿಯ ಪ್ರಶ್ನೆಗೆ ಮರಳೋಣ. ಏರಿ ನಿಂತಿರುವವರೆಗೆ ಅದರ ಹಿಂದಿನ ನೀರಿನ ಹರವಿಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ಒಡೆದ ಕ್ಷಣದಿಂದ ಅದೇ ಮುಖ್ಯ. ಈಚಿನ ಅಳತೆಯಂತೆ ಆ ಸರೋವರದಲ್ಲಿ ಅಂದು 1 ಕೋಟಿ 45 ಲಕ್ಷ ಘನಮೀಟರಿಗೂ ಮಿಗಿಲಾದ ನೀರಿದ್ದಿತು. ಬಹುಪಾಲು ಒಂದು ಗಂಟೆಯ ಆಸುಪಾಸಿನಲ್ಲಿ ಬರಿದಾಯಿತು. ನಾಲ್ಕು ಗಂಟೆ ಕಳೆದು ಕೆಲವೇ ನಿಮಿಷಗಳಲ್ಲಿ ಪ್ರವಾಹ ಜಾನ್ಸ್‌ಟೌನನ್ನು ಹೊಕ್ಕಿತು. 2,209 ಮಂದಿ ಸತ್ತರು. ಕ್ಲಬ್ಬಿನಿಂದ ನ್ಯಾಯಾಲಯದ ಮೂಲಕ ಪರಿಹಾರ ಪಡೆದವರು ಯಾರೂ ಇಲ್ಲ.

ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ 1891ರ ವರದಿಯು, ಏರಿಯನ್ನು ಮೊದಲಿದ್ದಂತೆಯೇ ಉಳಿಸಿದ್ದರೂ ಅಂದಿನ ಮಳೆಗೆ ಅದು ಒಡೆಯುತ್ತಿದ್ದಿತೆಂದು ತೀರ್ಮಾನಿಸಿತು. 2016ರಲ್ಲಿ ಮೂವರು ಸಂಶೋಧಕರು ಸ್ಥಳವನ್ನು ಹೊಸದಾಗಿ ಅಳೆದು ಲೆಕ್ಕಹಾಕಿ ಇದನ್ನು ಅಲ್ಲಗಳೆದಿದ್ದಾರೆ. ಮೂಲರಚನೆಯಲ್ಲಿ ಪಶ್ಚಿಮದ ತುದಿಯಲ್ಲಿ ತುರ್ತಿಗೆ ಒದಗುವ ಇನ್ನೊಂದು ಕೋಡಿಯಿದ್ದು, ನೆತ್ತಿಯನ್ನು ತಗ್ಗಿಸಿದ್ದರಿಂದ ಅದು ನಿರುಪಯೋಗವಾಯಿತು. ಮೊದಲಿನ ಏರಿ ಆ ಪ್ರವಾಹವನ್ನು ತಾಳಿಕೊಳ್ಳುತ್ತಿದ್ದಿತು ಎಂಬುದು ಅವರ ನಿರ್ಣಯ. ಒಂದೂವರೆಯ ಘಾತದ ನಿಯಮವನ್ನು ಬಲ್ಲವರಿಗೆ ಇದು ನಂಬತಕ್ಕದ್ದಾಗಿ ತೋರುತ್ತದೆ.

ಎರಡನೆಯ ಬಗೆಯ ಒಡೆತಕ್ಕೆ ಮಳೆಗಾಲವೇ ಬೇಕೆಂದಿಲ್ಲ. ಯಾವ ಮಣ್ಣಿನ ಏರಿಯೂ ಸ್ವಲ್ಪ ಒಸರುತ್ತದೆ. ಒಸರುವ ನೀರು ತಿಳಿಯಾಗಿರುವತನಕ ಚಿಂತೆ ಕಡಮೆ. ಅದು ಕದಡಿ ಬಂದಿತೆಂದರೆ ಒಡಲಿನ ಮಣ್ಣನ್ನು ಹೊತ್ತು ತರುತ್ತಿದೆಯೆಂದು ತಿಳಿಯಬೇಕು. ಕೊರೆತ ಹೊರಮೈಯಿಂದ ಮೊದಲಾಗಿ ಹಿಂದುಹಿಂದಕ್ಕೆ ಬಿಲದಂತೆ ಸಾಗುತ್ತದೆ. ಬಿಲ ಕೆರೆಯನ್ನು ಮುಟ್ಟಿದ ದಿನ ಏರಿಗೆ ಉಳಿವಿಲ್ಲ. ಸತ್ತ ಮರದ ಬೇರು ಕೊಳೆತು ಉಳಿದ ಪೊಳ್ಳು, ಹೆಗ್ಗಣ ತೋಡಿದ ಮಾಟೆ, ಇವೆಲ್ಲ ನೀರಿಗೆ ಸಿದ್ಧವಾದ ಹಾದಿಗಳು. ಮಣ್ಣಿನ ಕಣಗಳನ್ನು ತಡೆದು ನೀರನ್ನು ಮಾತ್ರ ಹೊರಬಿಡುವ ಮರಳು-ಜಲ್ಲಿಯ ಸೋಸುಪದರವನ್ನು ಹೇಗೆ ಹಾಕಬೇಕೆಂಬುದಕ್ಕೆ ಕಾರ್ಲ್ ಟೆರ್ಜಾಗಿ ನಿಯಮವನ್ನು ಕೊಟ್ಟಿದ್ದಾನೆ. ಹಳೆಯ ಖಾಸಗಿ ಏರಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಜಾರ್ಜಿಯಾ ರಾಜ್ಯದ ಕೆಲ್ಲಿ ಬಾರ್ನ್ಸ್ ಏರಿ ಅಂಥದು. ಎತ್ತರ ಸುಮಾರು 12 ಮೀಟರ್; ಕೆಳಗಿದ್ದ ಒಂದು ಕಾಲೇಜಿನ ಸ್ವತ್ತು. 1957ರಲ್ಲಿ ವಿದ್ಯುತ್ತಿನ ಉತ್ಪಾದನೆ ನಿಂತಮೇಲೆ ಸರೋವರ ವಿಹಾರಕ್ಕೆ ಮಾತ್ರ ಉಳಿಯಿತು. 1977ರ ನವೆಂಬರ್ 6ರ ನಡುರಾತ್ರಿ ಕಳೆದು ಒಂದೂವರೆಯ ಸುಮಾರಿಗೆ ಅದು ಒಡೆದು ಕಾಲೇಜಿನ ವಸತಿಯಲ್ಲಿ ಮಲಗಿದ್ದವರಲ್ಲಿ 39 ಮಂದಿ ಸತ್ತರು. ತೀರ ಕಡಿದಾದ ಹೊರಮೈ ಜರಿದುದು, ಜೊತೆಗೆ ಒಳಗಿನ ಕೊರೆತ ಸೇರಿರಬಹುದೆಂದು ತನಿಖೆಯವರು ಊಹಿಸಿದರು. ಒಂದೇ ಕಾರಣವನ್ನು ಖಚಿತವಾಗಿ ಹೇಳಲಾಗಲಿಲ್ಲ. ಏರಿಗಳ ತಪಾಸಣೆಗೆ ಅಲ್ಲಿ 1972ರಲ್ಲಿಯೇ ಕಾನೂನಿದ್ದಿತು, ಹಣವಿರಲಿಲ್ಲ. ಈ ದುರಂತದ ಮರುತಿಂಗಳೇ ಜಾರ್ಜಿಯಾದವನೇ ಆದ ಅಧ್ಯಕ್ಷ ಕಾರ್ಟರ್ ಅಪಾಯಕಾರಿಯಾದ ಖಾಸಗಿ ಏರಿಗಳ ತಪಾಸಣೆಗೆ ಆಜ್ಞೆಮಾಡಿದನು.

ನಮ್ಮ ದೇಶದ 2021ರ ಅಣೆಕಟ್ಟು ಸುರಕ್ಷತಾ ಕಾನೂನು 15 ಮೀಟರಿಗಿಂತ ಎತ್ತರದವುಗಳಿಗೂ, 10ರಿಂದ 15 ಮೀಟರಿನೊಳಗಿನ ಕೆಲವಕ್ಕೂ ಅನ್ವಯಿಸುತ್ತದೆ. ಅಮೆರಿಕದಲ್ಲಿ ಏರಿಗಳಿಗೆ ಅಪಾಯದ ದರ್ಜೆಯನ್ನು ಕೊಡುವ ಕ್ರಮ ಬೇರೆ: ಏರಿ ಗಟ್ಟಿಯೋ ಶಿಥಿಲವೋ ಎಂಬುದನ್ನಲ್ಲ, ಅದು ಒಡೆದರೆ ಕೆಳಗೆ ಯಾರಿದ್ದಾರೆಂಬುದನ್ನು ನೋಡುತ್ತಾರೆ. ಏರಿಯಿಂದ ಒಂದು ಹಿಡಿ ಮಣ್ಣು ಕದಲದಿದ್ದರೂ, ಕಣಿವೆಯಲ್ಲಿ ಹೊಸದಾಗಿ ನಾಲ್ಕು ಮನೆಗಳೆದ್ದರೆ ದರ್ಜೆ ಬದಲಾಗುತ್ತದೆ.