ದೇಹಧರ್ಮದ ಪಾಠ: ಗರ್ಭದಿಂದ ವಾರ್ಧಕ್ಯದವರೆಗೆ

ಸ್ಮರಣಸಂಚಿಕೆಯ ಸಂಪಾದಕ ಮಂಡಲಿಯವರು ನನ್ನಿಂದ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತ ಲೇಖನವನ್ನು ನಿರೀಕ್ಷಿಸಿದ್ದರು. ಕನ್ನಡ ಪಂಡಿತನು ಶರೀರಶಾಸ್ತ್ರಕ್ಕೆ ಕೈಹಾಕಿದುದೇಕೆಂದು ವಾಚಕರು ಕೇಳಿಯಾರು. ಕಾರಣವನ್ನು ಮೊದಲೇ ನಿವೇದಿಸುವೆನು.

ಹಲವು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ನಾನು ಎಂಟನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಬಾಲಿಕೆಯೊಬ್ಬಳು ಎದ್ದುನಿಂತು ಅಳತೊಡಗಿದಳು. ಲಂಗದ ಮೇಲೆ ರಕ್ತದ ಕಲೆಯಿತ್ತು. "ಸಾರ್, ನಾನು ಸತ್ತುಹೋಗ್ತೀನಾ?" ಎಂದು ಕೇಳಿದಳು. ಅಮರಕೋಶದ ಮನುಷ್ಯವರ್ಗವನ್ನು ಬಾಲ್ಯದಲ್ಲೇ ಕಂಠಪಾಠ ಮಾಡಿದವನು ನಾನು. ರಜಸ್ಸು, ಪುಷ್ಪ, ಆರ್ತವ ಎಂಬ ಮೂರು ಪರ್ಯಾಯಪದಗಳನ್ನು ಬಲ್ಲವನಾಗಿದ್ದೂ ಆ ಮಗುವಿಗೆ ಧೈರ್ಯ ಹೇಳುವ ಒಂದು ಮಾತು ನನ್ನ ನಾಲಗೆಗೆ ಬರಲಿಲ್ಲ. ಆಯಾ ಬಂದು ಅವಳನ್ನು ಕರೆದೊಯ್ದಳು. ಹದಿನೈದು ದಿನ ಕಳೆದು ಶಾಲೆಗೆ ಬಂದ ಆ ಬಾಲಿಕೆ, ಮೊದಲ ಸಾಲನ್ನು ಬಿಟ್ಟು ಕೊನೆಯ ಸಾಲಿನಲ್ಲಿ ಹೋಗಿ ಕುಳಿತಳು. ಅಂದು ಹೇಳದೆ ಉಳಿದ ಪಾಠವನ್ನು ಇಂದು ಬರೆಯುತ್ತಿದ್ದೇನೆ.

ಗರ್ಭಾವಸ್ಥೆ

ತಾಯಿಯ ಅಂಡಾಣುವೂ ತಂದೆಯ ವೀರ್ಯಾಣುವೂ ಅಂಡನಾಳದಲ್ಲಿ ಕೂಡುವುದೇ ಜೀವದ ಆರಂಭ. ಅಂಡಾಣುವಿನಲ್ಲಿ ಸದಾ ಎಕ್ಸ್ ವರ್ಣತಂತುವೇ ಇರುವುದು. ವೀರ್ಯಾಣುವಿನಲ್ಲಿ ಎಕ್ಸ್ ಆಗಲಿ ವೈ ಆಗಲಿ ಇರಬಹುದು. ಆದುದರಿಂದ ಮಗು ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ವೀರ್ಯಾಣುವಿನಿಂದ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳು ಈ ಒಂದು ವಾಕ್ಯವನ್ನು ಅರಿತರೆ ಎಷ್ಟೋ ಕಣ್ಣೀರು ಉಳಿದೀತು. ಭ್ರೂಣದ ಲಿಂಗವನ್ನು ಪತ್ತೆಹಚ್ಚಿ ತಿಳಿಸುವುದನ್ನು 1994ರ ಕಾಯಿದೆಯು ಅಪರಾಧವೆಂದು ಸಾರಿದೆ.

ಮೊದಲ ಆರು ವಾರಗಳವರೆಗೆ ಗಂಡುಹೆಣ್ಣುಗಳ ಅಂಗರಚನೆಯಲ್ಲಿ ಭೇದವೇ ತೋರದು. ಒಂದೇ ಮೂಲದ ಗ್ರಂಥಿಯು ಅನಂತರ ಒಬ್ಬರಲ್ಲಿ ವೃಷಣವಾಗಿಯೂ ಮತ್ತೊಬ್ಬರಲ್ಲಿ ಅಂಡಾಶಯವಾಗಿಯೂ ಬೆಳೆಯುತ್ತದೆ. ಹಳ್ಳಿಯ ಸೂಲಗಿತ್ತಿಯರು ಮಾಸು ಎಂದು ಕರೆಯುವ ಅಂಗವು ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುತ್ತದೆ. ಸುಮಾರು 7.5 ಸೆಂಟಿಮೀಟರ್ ಉದ್ದದ ಗರ್ಭಕೋಶವು ಹಿಗ್ಗುತ್ತ ಹಿಗ್ಗುತ್ತ 40 ವಾರಗಳ ಶಿಶುವನ್ನು ಒಳಗೊಳ್ಳುವುದು ಪ್ರಕೃತಿಯ ವಿಸ್ಮಯಗಳಲ್ಲೊಂದು.

ಬಾಲ್ಯ ಮತ್ತು ಹದಿಹರೆಯ

ಹೆಣ್ಣುಶಿಶುವು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಕ್ಷಯಿಸಿ, ಜೀವಮಾನದಲ್ಲಿ ಪಕ್ವವಾಗಿ ಹೊರಬರುವುವು ಸುಮಾರು 400 ಮಾತ್ರ. ಗಂಡಿನಲ್ಲಿ ವೀರ್ಯಾಣುಗಳ ಉತ್ಪತ್ತಿಯು ಹದಿಹರೆಯದಲ್ಲಿ ಆರಂಭವಾಗಿ ಮುಪ್ಪಿನವರೆಗೂ ನಡೆಯುತ್ತದೆ. ಅದಕ್ಕೆ ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕಾದುದರಿಂದಲೇ ವೃಷಣಗಳು ಉದರದ ಹೊರಗಿವೆ.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಿಂದ ಹುಡುಗಿಯರಲ್ಲಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಮಾರ್ಪಾಡುಗಳು ತೊಡಗುತ್ತವೆ. ಹುಡುಗನ ಧ್ವನಿ ಒಡೆಯುವುದು, ನಿದ್ರೆಯಲ್ಲಿ ವೀರ್ಯಸ್ಖಲನವಾಗುವುದು ರೋಗವಲ್ಲ. ಧಾತುನಷ್ಟವೆಂದು ಹೆದರಿಸಿ ಔಷಧ ಮಾರುವವರ ಮಾತಿಗೆ ಬಾಲಕರು ಮರುಳಾಗಬಾರದು. ಹುಡುಗಿಯಲ್ಲಿ ಪ್ರತಿ ತಿಂಗಳೂ ಗರ್ಭಕೋಶದ ಒಳಪದರವು ಶಿಶುವಿಗಾಗಿ ಸಿದ್ಧವಾಗುತ್ತದೆ. ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬರುತ್ತದೆ. ಇದೇ ಋತುಸ್ರಾವ. ಸರಾಸರಿ 28 ದಿನಗಳ ಈ ಚಕ್ರವು ಮೊದಲ ಒಂದೆರಡು ವರ್ಷ ಏರುಪೇರಾಗುವುದು ಸಹಜ.

ಇಲ್ಲಿ ಪದವಿಚಾರವೊಂದನ್ನು ಹೇಳಬೇಕು. ‘ದೊಡ್ಡವಳಾದಳು’ ಎನ್ನುತ್ತೇವೆ, ಆದರೆ ಹನ್ನೆರಡರ ಬಾಲಿಕೆ ದೊಡ್ಡವಳಲ್ಲ. ಅವಳ ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹದಿನೆಂಟು ತುಂಬದವಳ ವಿವಾಹವನ್ನು 2006ರ ಕಾಯಿದೆಯು ನಿಷೇಧಿಸಿರುವುದು ಸರಿಯಾಗಿಯೇ ಇದೆ. ‘ಹೊರಗಾದಳು’ ಎಂತಲೂ ಅನ್ನುತ್ತೇವೆ. ಮಾತು ಅವಳನ್ನು ಹೊರಗಿಟ್ಟಿತು. ಮಾತಿನ ಹಿಂದೆಯೇ ಮನೆಯೂ ಹೊರಗಿಟ್ಟಿತು. ಹನ್ನೆರಡನೆಯ ಶತಮಾನದ ಶರಣರ ಪರಂಪರೆಯಾದರೋ ಪಂಚಸೂತಕಗಳನ್ನು ನಿರಾಕರಿಸಿತು, ರಜಸ್ಸೂತಕವೂ ಅವುಗಳಲ್ಲೊಂದು. ಇಷ್ಟಲಿಂಗವನ್ನು ಧರಿಸಿದವಳಿಗೆ ಆ ದಿನಗಳಲ್ಲಿಯೂ ಪೂಜೆಗೆ ಅಡ್ಡಿಯಿಲ್ಲವೆಂದು ನಂಬಿದವರ ಮನೆಗಳಲ್ಲೇ ಇಂದು ಮಗಳು ಮೂಲೆಯಲ್ಲಿ ಕುಳಿತರೆ, ನಾವು ಆ ತತ್ತ್ವವನ್ನು ಬಾಯಲ್ಲಿ ಮಾತ್ರ ಉಳಿಸಿಕೊಂಡೆವೆಂದೇ ಅರ್ಥ.

ಪ್ರೌಢಾವಸ್ಥೆ ಮತ್ತು ವಾರ್ಧಕ್ಯ

ಎಷ್ಟು ಮಕ್ಕಳು, ಯಾವಾಗ ಎಂಬುದನ್ನು ದಂಪತಿಗಳು ವಿವೇಕದಿಂದ ನಿಶ್ಚಯಿಸಬೇಕೆಂಬ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿತು. ಸರ್ಕಾರವೇ ಇಂತಹ ಕಾರ್ಯಕ್ಕೆ ಮುಂದಾದುದು ಲೋಕದಲ್ಲೇ ಅತಿ ಮೊದಲ ನಿದರ್ಶನಗಳಲ್ಲೊಂದು. ತರುವಾಯ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ಕೇಳು ಕಿಶೋರಿ’ ಮುಂತಾದ ಗ್ರಂಥಗಳಿಂದ ಈ ತಿಳಿವಳಿಕೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದರು. ಇಂತಹ ವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂಬುದು ಸೋಮಾರಿಗಳ ನೆಪವೆಂದು ಆ ಗ್ರಂಥಗಳು ತೋರಿಸಿಕೊಟ್ಟವು.

ಸಾಮಾನ್ಯವಾಗಿ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ. ಮೈ ಬಿಸಿಯೇರುವುದು, ನಿದ್ರೆ ಕೆಡುವುದು, ಮೂಳೆ ಸವೆಯುವುದು ಆಗ ಕಾಣಿಸುವ ತೊಂದರೆಗಳು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಗಂಡಸರಿಗೆ ಐವತ್ತರ ಬಳಿಕ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರಕ್ಕೆ ತೊಡಕಾಗಬಹುದು. ಐವತ್ತು ದಾಟಿದ ನಾನೂ ಇದನ್ನು ನಾಚದೆ ವೈದ್ಯರಲ್ಲಿ ಕೇಳಿಬಂದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬಿನ್ನಹ

ಸಹೋದ್ಯೋಗಿ ಉಪಾಧ್ಯಾಯರಲ್ಲಿ ನನ್ನ ಕೋರಿಕೆಯಿಷ್ಟೆ: ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಆ ಅಧ್ಯಾಯವನ್ನು ಮಗುಚದಿರಿ, ಹುಡುಗರಿಗೂ ಹುಡುಗಿಯರಿಗೂ ಸಮವಾಗಿ ಬೋಧಿಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಂದು ದಿನ ಸಂಜಯನಗರದ ಈ ಶಾಲೆಗೆ ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲಿ. ಅನ್ನಕ್ಕೂ ಅಕ್ಷರಕ್ಕೂ ಉದಾರವಾಗಿ ನೀಡುವ ದಾನಿಗಳು, ಬಾಲಿಕೆಯರಿಗಾಗಿ ಅಗುಳಿ ಬೀಳುವ ಬಾಗಿಲು, ನಲ್ಲಿಯಲ್ಲಿ ನೀರು, ಮುಚ್ಚಳವುಳ್ಳ ಕಸದ ಬುಟ್ಟಿ ಇರುವ ಶೌಚಗೃಹವನ್ನೂ ದಾಸೋಹವೆಂದೇ ಭಾವಿಸಲಿ. ಅದರ ಗೋಡೆಯ ಮೇಲೆ ದಾತೃಗಳ ಹೆಸರು ಕೆತ್ತಿಸಲು ಸಂಕೋಚವಾದೀತು. ಆದರೆ ಅದರ ದೆಸೆಯಿಂದ ಒಂದು ಮಗು ಮೊದಲ ಸಾಲಿನಲ್ಲಿಯೇ ಕುಳಿತು ಓದು ಮುಂದುವರಿಸೀತು.