ಪೆಟ್ರೋಲ್ ಬಂಕ್ ಮತ್ತು ಅಂತರ್ಜಲ: ನಿಗಾ ಬಾವಿಗಳು

ಬಂಕಿನ ನೆಲದಡಿಯ ಟ್ಯಾಂಕ್ ತುಕ್ಕು ಹಿಡಿದು ಸೋರಿದರೆ ಮೇಲೆ ನಿಂತವರಿಗೆ ಕಾಣುವುದಿಲ್ಲ. ಸೋರಿಕೆಯ ಜಾಡು ಹಿಡಿಯಲು ಕೊರೆಯುವ ಸಣ್ಣ ಕೊಳವೆಬಾವಿಗಳೇ ನಿಗಾ ಬಾವಿಗಳು. ಅಂತರ್ಜಲ ಹರಿಯುವ ದಿಕ್ಕು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಕನಿಷ್ಠ 3 ಬಾವಿಗಳು ಬೇಕು.

ಪೆಟ್ರೋಲ್ ನೀರಿಗಿಂತ ಹಗುರ. ಹಾಗಾಗಿ ಮೊದಲು ನೀರಿನ ಮಟ್ಟವನ್ನೂ ಮೇಲೆ ತೇಲುವ ಇಂಧನದ ಪದರವನ್ನೂ ಅಳೆಯುತ್ತಾರೆ. ನಿಜವಾದ ಅಪಾಯ ಕಣ್ಣಿಗೆ ಬೀಳದೆ ಕರಗಿರುವ ಬೆಂಜೀನ್‌ನದು. ಅದು ಕ್ಯಾನ್ಸರ್‌ಕಾರಕ, ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಮೆರಿಕದಲ್ಲಿ 5.

ಬಾವಿಯಲ್ಲಿ ನಿಂತ ನೀರು ಸುತ್ತಲಿನ ಅಂತರ್ಜಲದ ನಿಜಸ್ಥಿತಿ ಹೇಳದು. ಅದನ್ನು ಹೊರಹಾಕಿ, ಪಿಎಚ್, ಉಷ್ಣತೆ, ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆಯೇ ಮಾದರಿ ಹಿಡಿಯಬೇಕು. 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಬಾಯಿಯ ಅಂಚಿನವರೆಗೆ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ತಟ್ಟಿ ನೋಡುತ್ತಾರೆ. ಗುಳ್ಳೆ ಎದ್ದರೆ ಆ ಮಾದರಿ ನಂಬಲಾಗದು, ಬೆಂಜೀನ್ ಆವಿಯಾಗಿ ಆ ಗಾಳಿಗೆ ಸೇರಿಬಿಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ 14 ದಿನಗಳೊಳಗೆ ಪರೀಕ್ಷಿಸಬಹುದು.

ನೆನಪಿಡಬೇಕಾದ ಪ್ರಕರಣ: ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ರಾಸಾಯನಿಕ ಬಾವಿಗಳಿಗೆ ಇಳಿದು, 1996ರಲ್ಲಿ ನಗರವು ತನ್ನ ಕುಡಿಯುವ ನೀರಿನ ಹಲವು ಬಾವಿಗಳನ್ನು ಮುಚ್ಚಬೇಕಾಯಿತು. ಭಾರತದಲ್ಲಿ ಹೊಸ ಬಂಕುಗಳ ಸ್ಥಳ ಆಯ್ಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು.